ಗೊರಗೊರ ಎದೆಯದೋ, ಮೂಗಿನದೋ?

ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿ 1953ರಲ್ಲಿ ಶುರುವಾದ ನಿಲೋಫರ್ ಆಸ್ಪತ್ರೆಗೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸೊಸೆಯ ಹೆಸರಿದೆ. ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಿಂದ 1956ರಲ್ಲಿ ಬೇರೆಯಾದವು. ಕೂಸಿನ ಕಾಯಿಲೆ ಕೈಮೀರಿದರೆ ಹೈದರಾಬಾದಿಗೆ ಓಡುವ ರೂಢಿ ಮಾತ್ರ ಬಿಟ್ಟುಹೋಗಿಲ್ಲ. ಚಳಿ ಬಿದ್ದರೆ ಕನ್ನಡ, ತೆಲುಗು, ದಖನಿ ಯಾವ ಮಾತಿನ ತಾಯಿಯ ದೂರೂ ಒಂದೇ: ಎದೆ ಕಟ್ಟಿದೆ, ಗೊರಗೊರ ಅಂತಿದೆ.

ಬಹಳ ಸಲ ಕಟ್ಟಿರುವುದು ಎದೆಯಲ್ಲ, ಮೂಗು. ಮೊದಲ ಕೆಲವು ತಿಂಗಳು ಕೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಸೀನಿ ಹೊರಹಾಕಬಲ್ಲದೇ ಹೊರತು, ಸೀಟಲು, ಉಗುಳಲು ಅದಕ್ಕೆ ಬಾರದು. ಮೂಗಿನ ಲೋಳೆ, ಗಂಟಲಲ್ಲಿ ನಿಂತ ಹಾಲು ಉಸಿರಿನೊಡನೆ ಅದುರುತ್ತವೆ. ತೆಳ್ಳನೆಯ ಎದೆಗೂಡಿಗೆ ಆ ಅದುರು ಇಳಿಯುತ್ತದೆ. ಬೆನ್ನ ಮೇಲೆ ಕೈಯಿಟ್ಟ ಅಜ್ಜಿಗೆ ಕಫ ಒಳಗೇ ಇದೆ ಅನಿಸುವುದು ಅದಕ್ಕೇ.

ಸಣ್ಣ ನೆಗಡಿಗೆ ಇಷ್ಟು ಗದ್ದಲವೇಕೆ? ಎಳೆಗೂಸಿನ ಶ್ವಾಸನಾಳ ಎಳನೀರಿನ ಸ್ಟ್ರಾಗಿಂತ ದಪ್ಪವೇನಲ್ಲ, ಸುಮಾರು 4 ಮಿಲಿಮೀಟರ್. ಒಳಗೋಡೆ ಸುತ್ತಲೂ ಒಂದೇ ಮಿಲಿಮೀಟರ್ ಊದಿದರೆ ಉಳಿಯುವ ದಾರಿಯ ಅಗಲ ಅರ್ಧ. ಗಾಳಿ ನಯವಾಗಿ ಹರಿಯುತ್ತಿದ್ದರೂ ಅಡೆತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ದೊಡ್ಡವರಿಗೆ ಇದೇ ಊತ ಬರೀ ಕೆಮ್ಮು.

ಸದ್ದು ಯಾವಾಗ ಬರುತ್ತದೆ ಎಂಬುದೂ ಸುಳಿವೇ. ಉಸಿರು ಎಳೆಯುವಾಗ ಕೀರಲು ಸದ್ದಾದರೆ ತೊಡಕು ಧ್ವನಿಪೆಟ್ಟಿಗೆಯ ಬಳಿ ಇರಬಹುದು. ಅದರ ಎಳೆಯ ಮೃದ್ವಸ್ಥಿ ಒಳಕ್ಕೆ ಕುಸಿಯುವುದೇ ಸಾಮಾನ್ಯ ಕಾರಣ. ಹೆಚ್ಚಿನ ಮಕ್ಕಳಲ್ಲಿ ಒಂದೂವರೆ, ಎರಡು ವರ್ಷದೊಳಗೆ ತಾನೇ ಸರಿಹೋಗುತ್ತದೆ, ಆದರೂ ವೈದ್ಯರು ಒಮ್ಮೆ ನೋಡಿರಬೇಕು. ಬಿಡುವಾಗ ಸುಂಯ್ ಎಂದರೆ ಶ್ವಾಸಕೋಶದ ಕಿರುನಾಳಗಳು ಊದಿರಬಹುದು. ಆರ್‌ಎಸ್‌ವಿ ಎಂಬ ವೈರಾಣು ಇದರಲ್ಲಿ ನಿಸ್ಸೀಮ.

ಸದ್ದಿನ ಅಬ್ಬರ ಮಾತ್ರ ನಂಬಿಕಸ್ತ ಅಳತೆಯಲ್ಲ. ತೀರಾ ಸೋತ ಕೂಸು ಸದ್ದನ್ನೇ ನಿಲ್ಲಿಸೀತು. ನಾನಾದರೆ ಕಿವಿಗಿಂತ ಕಣ್ಣನ್ನು ನಂಬುತ್ತೇನೆ: ಅಂಗಿ ಬಿಚ್ಚಿ ಪಕ್ಕೆ ನೋಡಬೇಕು. ಎಳೆಯ ಪಕ್ಕೆಲುಬು ಬಾಗುವಂಥದ್ದು. ವಪೆ (ಡಯಾಫ್ರಮ್) ಜೋರಾಗಿ ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತದೆ. ಹಳ್ಳಿಯವರು ಪಕ್ಕೆ ಹೊಡೀತಿದೆ ಎನ್ನುವುದು ಇದನ್ನೇ. ಕೂಸು ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು, ಏಕೆಂದರೆ ಎಳೆಗೂಸು ನಡುವೆ ಐದಾರು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಸರಸರ ಎಳೆಯುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50 ಮುಟ್ಟಿದರೆ ಅದು ವೇಗದ ಉಸಿರು.

ಬರೀ ಮೂಗು ಕಟ್ಟಿದ್ದರೆ ಹಾಲೂಡುವ ಮೊದಲು ಔಷಧದಂಗಡಿಯ ಉಪ್ಪುನೀರಿನ ಹನಿ ಸಾಕು. ಮೂಗಿಗೆ ಎಣ್ಣೆ ಬಿಟ್ಟರೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತಂದೀತು. ಕರ್ಪೂರ ಎಳೆಯ ಮಕ್ಕಳಿಗೆ ಫಿಟ್ಸ್ ಬರಿಸಬಲ್ಲ ವಿಷ. ಮೃಗಶಿರ ಮಳೆಯ ಹೊತ್ತಿಗೆ ನಾಂಪಲ್ಲಿಯಲ್ಲಿ ಬತ್ತಿನಿ ಮನೆತನದವರು ಉಬ್ಬಸಕ್ಕೆಂದು ಜೀವಂತ ಮೀನು ನುಂಗಿಸುತ್ತಾರಲ್ಲ, ಅದು ಹೋಗುವುದು ಅನ್ನನಾಳಕ್ಕೆ. ಉಸಿರಿಗೇ ತಿಣುಕುವ ಮಗುವಿನ ಗಂಟಲಿಗೆ ಅದನ್ನು ತುರುಕುವುದು ಶುದ್ಧ ಅಪಾಯ. ಪಕ್ಕೆ ಸೆಳೆತ, ನೀಲಿಗಟ್ಟಿದ ತುಟಿ, ಪ್ರತಿ ಉಸಿರಿಗೂ ನರಳಿಕೆ, ಹಾಲು ಬಿಟ್ಟ ಬಾಯಿ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ: ಇವುಗಳಲ್ಲಿ ಒಂದು ಕಂಡರೂ ಬೆಳಗಿನ ಒಪಿಡಿಗೆ ಕಾಯದೆ ರಾತ್ರಿಯೇ ಹೊರಡಬೇಕು.