ಹೊಗೆ ಮತ್ತು ಮೂಳೆಯ ರಕ್ತನಾಳ

ನೀಲಗಿರಿಯ ಸೋಲೂರಿನ ಕಡೆ ಟೀ ತೋಟವೆಂದರೆ ಇಳಿಜಾರು. ಮಳೆಗಾಲದಲ್ಲಿ ಅಲ್ಲಿ ಕಾಲು ಜಾರಿದರೆ ಮೊಣಕಾಲ ಕೆಳಗಿನ ದಪ್ಪ ಮೂಳೆ, ಅಂದರೆ ಟಿಬಿಯಾ, ಮುರಿಯಬಹುದು. ಕಟ್ಟು ಹಾಕಿಸಿಕೊಂಡು ಮನೆಯಲ್ಲೇ ಕೂತವರಿಗೆ ಹೊತ್ತು ಹೋಗದೆ ಬೀಡಿಯ ಲೆಕ್ಕ ಏರುತ್ತದೆ. ಹೊಗೆಯಿಂದ ಕೆಡುವುದು ಶ್ವಾಸಕೋಶ, ಮುರಿದಿರುವುದು ಕಾಲು, ಇವೆರಡಕ್ಕೂ ಏನು ಸಂಬಂಧ ಎಂದು ಅನ್ನಿಸುವುದು ಸಹಜ. ಸಂಬಂಧ ಇರುವುದು ರಕ್ತದಲ್ಲಿ.

ಮೂಳೆ ಜೀವವಿರುವ ಅಂಗ. ಹೃದಯ ತಳ್ಳುವ ರಕ್ತದ ಸುಮಾರು ಹತ್ತರಲ್ಲೊಂದು ಪಾಲು ಅದಕ್ಕೇ ಬೇಕು. ಗಟ್ಟಿ ಮೂಳೆಯ ತೆಳು ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಂಗುರದೊಳಗೆ ಉಂಗುರ, ನಟ್ಟನಡುವೆ ಒಂದು ರಂಧ್ರ. ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ 1691ರಲ್ಲಿ ಬರೆದಿಟ್ಟ ಈ ರಂಧ್ರಗಳಲ್ಲೇ ಕೂದಲಿಗಿಂತ ತೆಳುವಾದ ರಕ್ತನಾಳಗಳು ಸಾಗುತ್ತವೆ.

ಬೀಡಿಯ ನಿಕೋಟಿನ್ ದೇಹದಲ್ಲಿ ಅಡ್ರಿನಲಿನ್ ಉಕ್ಕಿಸಿ ಇಂಥ ನಾಳಗಳನ್ನು ಬಿಗಿಯುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಜಾಗ ಕಸಿಯುತ್ತದೆ. ನೆರೆಯ ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವೇ ಕಡಲತೀರದವರಿಗಿಂತ ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ. ಬೆಟ್ಟದ ಜನರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ, ನಿಜ. ಆದರೂ ಒಗ್ಗಿದ ಆ ರಕ್ತದಲ್ಲೂ ಹೊಗೆ ಪಾಲು ಕೇಳುತ್ತದೆ.

ಟಿಬಿಯಾದ ಕೆಳಭಾಗದ ಕಥೆ ಇನ್ನೂ ಕಷ್ಟದ್ದು. ಅದರ ಮುಖ್ಯ ರಕ್ತನಾಳ ಮೇಲ್ಭಾಗದಲ್ಲಿ, ಹಿಂಬದಿಯಿಂದ ಮೂಳೆಯೊಳಗೆ ಹೊಕ್ಕು ಕೆಳಗಿಳಿಯುತ್ತದೆ. ನಡುವೆ ಮುರಿದರೆ ಆ ದಾರಿ ಕಡಿದುಹೋಗುತ್ತದೆ. ಮುಂಬದಿಯಲ್ಲಿ ಚರ್ಮದಡಿ ಮಾಂಸಖಂಡವೂ ಇಲ್ಲ, ಆಸರೆಯ ರಕ್ತ ಬರುವುದೂ ಕಡಿಮೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿ, ಮೆದು ಗಂಟಾಗಿ, ಹೊಸ ನಾಳಗಳು ಅದರೊಳಗೆ ನುಗ್ಗಿದ ಮೇಲೆಯೇ ಗಟ್ಟಿ ಮೂಳೆ ಕೂಡುತ್ತದೆ. ಮೂಳೆ ಕಟ್ಟುವ ಕೋಶಗಳು ಒಂದು ಬಗೆಯ ವಿಶೇಷ ನಾಳಗಳನ್ನೇ ಸುತ್ತುವರಿದಿರುತ್ತವೆ ಎಂದು ವಿಜ್ಞಾನಿ ಅಂಜಲಿ ಕುಸುಂಬೆ ಮತ್ತು ಸಂಗಡಿಗರು 2014ರಲ್ಲಿ ಇಲಿಗಳಲ್ಲಿ ತೋರಿಸಿದರು. ಹೊಗೆ ತಡೆಯುವುದು ನಾಳಗಳ ಈ ಬೆಳವಣಿಗೆಯನ್ನೇ. ಸೇದುವವರಲ್ಲಿ ಮುರಿದ ಮೂಳೆ ಕೂಡದೇ ಉಳಿಯುವ ಅಪಾಯ ಸುಮಾರು ಇಮ್ಮಡಿ.

ತೊಡೆಮೂಳೆಯ ಗುಂಡುತಲೆಗೂ ಇದೇ ಭಯ. ಅದಕ್ಕೆ ರಕ್ತ ಒಯ್ಯುವ ದಾರಿಗಳೇ ಕೆಲವು. ರಕ್ತ ನಿಂತರೆ ಮೂಳೆ ಸಾಯುತ್ತದೆ. ಗುಂಡುತಲೆ ಕುಸಿದ ಮೇಲೆ ಬೀಡಿ ಬಿಟ್ಟರೂ ಅದು ಮೊದಲಿನ ಆಕಾರಕ್ಕೆ ಬರದು. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ.

ಆದರೆ ಹೆಚ್ಚಿನವರ ಮೂಳೆ ಅಷ್ಟು ದೂರ ಹೋಗಿರುವುದಿಲ್ಲ. ರಕ್ತದ ಕಾರ್ಬನ್ ಮಾನಾಕ್ಸೈಡ್ ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಒಂದೆರಡು ದಿನದಲ್ಲಿ ಬಹುಪಾಲು ಹೋಗುತ್ತದೆ. ನಾಳಗಳ ಒಳಪದರ ಸುಧಾರಿಸಲು ವಾರಗಳು, ತಿಂಗಳುಗಳು ಬೇಕು. ಅದಕ್ಕೇ ಶಸ್ತ್ರಚಿಕಿತ್ಸಕರು ಆಪರೇಷನ್ನಿಗೆ ನಾಲ್ಕು ವಾರ ಮುಂಚೆಯಾದರೂ ನಿಲ್ಲಿಸಿ ಎನ್ನುತ್ತಾರೆ. ಸೊಂಟದ ಮೂಳೆ ಮುರಿಯುವ ಅಪಾಯ ಇಳಿಯಲು ಮಾತ್ರ ವರ್ಷಗಳೇ ಹಿಡಿಯುತ್ತವೆ.

ಕಾಲು ಈಗಾಗಲೇ ಕಟ್ಟಿನಲ್ಲಿದ್ದರೂ ತಡವಾಗಿಲ್ಲ. ಮೂಳೆ ಕೂಡುವ ತಿಂಗಳುಗಳು ಇನ್ನೂ ಮುಂದಿವೆ. ದಿನಕ್ಕೆ ಎಷ್ಟು ಬೀಡಿ ಎಂಬುದನ್ನು ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ನಿಕೋಟಿನ್ ಚೂಯಿಂಗ್ ಗಮ್ಮಿನಲ್ಲಿ ಹೊಗೆ ಇಲ್ಲದಿದ್ದರೂ ನಿಕೋಟಿನ್ ಇದೆ, ಅದನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ. ಬಿಡಲು ಒಬ್ಬರಿಂದಲೇ ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ. ತಂಬಾಕು ಬಿಡಿಸಲು ನೆರವಾಗುವ ಈ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ.