ಇಲಿಯ ಮಿದುಳಲ್ಲಿ ಒಂದು ಹನಿ ರಕ್ತ

ಅರಾವಳಿಯ ಕುರುಚಲು ಗುಡ್ಡಗಳಿಗೆ ಅಂಟಿಕೊಂಡ, ದೆಹಲಿಗೆ ಹತ್ತಿರದ ಒಂದು ಸಂಶೋಧನಾ ಕಟ್ಟಡವದು. ಹೊರಗೆ ಮೇ ತಿಂಗಳ ಬಿಸಿಗಾಳಿ ‘ಲೂ’ ಮುಖಕ್ಕೆ ಬಡಿಯುತ್ತಿತ್ತು. ಒಳಗೆ ಎರಡು ಬಾಗಿಲು ದಾಟಿ, ಗೌನು, ಟೋಪಿ, ಮಾಸ್ಕು, ಪಾದಕ್ಕೆ ಪ್ಲಾಸ್ಟಿಕ್ ಚೀಲ ತೊಟ್ಟು ಇಲಿಗಳ ಕೋಣೆಗೆ ಕಾಲಿಟ್ಟರೆ 22 ಡಿಗ್ರಿ. ಇಲ್ಲಿ ಹಗಲು ರಾತ್ರಿಗಳೂ ಗಡಿಯಾರದ ಲೆಕ್ಕದಲ್ಲೇ ನಡೆಯುತ್ತವೆ: 12 ಗಂಟೆ ಬೆಳಕು, 12 ಗಂಟೆ ಕತ್ತಲು. ಕರೆಂಟು ಹೋದರೆ ಜನರೇಟರ್ ಮೊದಲು ಈ ಕೋಣೆಗೇ ಎಂದರು ಜೊತೆಗಿದ್ದ ಸಂಶೋಧಕಿ.

ಪಾರದರ್ಶಕ ಪೆಟ್ಟಿಗೆಗಳಲ್ಲಿ, ಮುಸುಕಿನ ಜೋಳದ ದಿಂಡಿನ ತರಿಯ ಮೇಲೆ, ಕಪ್ಪು ಇಲಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಸಿ57 ಬ್ಲ್ಯಾಕ್ 6 ಎಂಬ ತಳಿ. ಎಷ್ಟೋ ತಲೆಮಾರುಗಳಿಂದ ಒಳಸಂಬಂಧದಲ್ಲೇ ಬೆಳೆಸಿದ್ದರಿಂದ ಎಲ್ಲವೂ ಅವಳಿಗಳೇ ಎನ್ನಬೇಕು. ಪ್ರತಿ ಪೆಟ್ಟಿಗೆಗೂ ಒಂದು ಚೀಟಿ: ಹುಟ್ಟಿದ ದಿನ, ಗಂಡೋ ಹೆಣ್ಣೋ, ಪ್ರಯೋಗಕ್ಕೆ ಸಿಕ್ಕ ಅನುಮತಿಯ ಸಂಖ್ಯೆ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯ ನಿಯಮಗಳಡಿ, ನೀತಿ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ.

ಮುಂದಿನದು ಶಸ್ತ್ರಚಿಕಿತ್ಸೆಯ ಕೋಣೆ. ನನ್ನ ಎದುರು ಶಸ್ತ್ರಚಿಕಿತ್ಸೆ ನಡೆಯಲಿಲ್ಲ, ನಡೆಯಲಿ ಎಂದು ನಾನು ಕೇಳಲೂ ಇಲ್ಲ. ಮೇಜಿನ ಮೇಲೊಂದು ಲೋಹದ ಚೌಕಟ್ಟು. ಅರಿವಳಿಕೆ ಕೊಟ್ಟ ಇಲಿಯ ತಲೆ ಕೂದಲೆಳೆಯಷ್ಟೂ ಅಲುಗದಂತೆ ಎರಡು ಕಿವಿ ಮತ್ತು ಹಲ್ಲುಗಳನ್ನು ಹಿಡಿದಿಡುವುದು ಅದರ ಕೆಲಸ. ಕೆಳಗೆ ಬೆಚ್ಚಗಿನ ಹಾಸು. ನೆತ್ತಿಯಲ್ಲಿ ಮೂಳೆಗಳು ಕೂಡುವ ಬ್ರೆಗ್ಮಾ ಎಂಬ ಬಿಂದುವೇ ಅಳತೆಯ ಆರಂಭ. ಅಲ್ಲಿಂದ ಸುಮಾರು ಎರಡು ಮಿಲಿಮೀಟರ್ ಪಕ್ಕಕ್ಕೆ, ಮೂರಕ್ಕಿಂತ ಸ್ವಲ್ಪ ಹೆಚ್ಚು ಆಳಕ್ಕೆ ಸೂಜಿ ಇಳಿಯುತ್ತದೆ. ಇಡೀ ಮಿದುಳೇ ನೆನೆಸಿದ ಅವರೆಕಾಳಿನಷ್ಟು. ತೂಕ ಅರ್ಧ ಗ್ರಾಮನ್ನೂ ಮುಟ್ಟುವುದಿಲ್ಲ.

ಮಿದುಳಿನ ರಕ್ತಸ್ರಾವದಿಂದಾಗುವ ಲಕ್ವದ ಅಧ್ಯಯನ ಇಲ್ಲಿಯದು. ಅದಕ್ಕಾಗಿ ಇಲಿಯ ಮಿದುಳಿನಲ್ಲಿ ರಕ್ತಸ್ರಾವ ಮಾಡಿಸಲು ಎರಡು ದಾರಿಗಳಿವೆಯಂತೆ. ಒಂದು, ಕೊಲಾಜಿನೇಸ್ ಎಂಬ ಕಿಣ್ವವನ್ನು ಚೂರೇ ಚೂರು ಬಿಡುವುದು. ಅದು ರಕ್ತನಾಳದ ಗೋಡೆಯ ಕೊಲಾಜನ್ನನ್ನು ಕರಗಿಸುತ್ತದೆ, ನಾಳ ತಾನಾಗಿ ಸೋರತೊಡಗುತ್ತದೆ. ಇನ್ನೊಂದು, ಅದೇ ಇಲಿಯ ರಕ್ತವನ್ನು ತೆಗೆದು ಮಿದುಳಿಗೆ ಹನಿಸುವುದು. ಎರಡರಲ್ಲೂ ಸೂಜಿಯನ್ನು ತಕ್ಷಣ ಎಳೆಯುವುದಿಲ್ಲ. ಬಿಟ್ಟದ್ದು ಅದೇ ದಾರಿಯಲ್ಲಿ ಮೇಲಕ್ಕೆ ಬಂದುಬಿಡುತ್ತದೆಂದು ಕೆಲವು ನಿಮಿಷ ಕಾಯುತ್ತಾರೆ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಅದರಾಚೆಯ ಕೋಣೆ. ಎರಡು ಹಲಗೆಗಳನ್ನು 30 ಡಿಗ್ರಿ ಕೋನದಲ್ಲಿ ನಿಲ್ಲಿಸಿ ಮೂಲೆ ಮಾಡಿದ್ದರು. ಆರೋಗ್ಯವಂತ ಇಲಿ ಮೂಲೆಗೆ ಹೋಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ವಾಪಸಾಗುತ್ತದೆ. ಬಲ ಮಿದುಳಿಗೆ ಪೆಟ್ಟಾದದ್ದು ಬಲಕ್ಕೇ ತಿರುಗುತ್ತದೆ. ಪರದೆಯ ಮೇಲಿನ ವಿಡಿಯೊದಲ್ಲಿ ಒಂದು ಇಲಿ ಮತ್ತೆ ಮತ್ತೆ ಬಲಕ್ಕೆ ಹೊರಳುವುದನ್ನು ನೋಡುತ್ತಾ, ಲಕ್ವ ಹೊಡೆದು ಒಂದು ಕೈ ಸೋತವರ ನೆನಪಾಯಿತು. ಆ ಇಲಿಗೆ ನೋವಿತ್ತೇ, ಅಭ್ಯಾಸವಾಗಿತ್ತೇ ಎಂಬುದು ನನ್ನ ಕಣ್ಣಿಗೆ ತಿಳಿಯಲಿಲ್ಲ. ಯಾವ ಇಲಿಗೆ ಪರೀಕ್ಷಿಸುತ್ತಿರುವ ಔಷಧ, ಯಾವುದಕ್ಕೆ ಬರೀ ಉಪ್ಪುನೀರು ಎಂದು ಗೊತ್ತಿಲ್ಲದವರೇ ಈ ತಿರುವುಗಳಿಗೆ ಅಂಕ ಕೊಡುತ್ತಾರೆ.

ಕೊನೆಯ ಕೋಣೆಯಲ್ಲಿ ಒಂದು ಓವನ್. ಊದಿದ ಮಿದುಳನ್ನು ತೂಗಿ, ಒಂದು ದಿನ ಒಣಗಿಸಿ, ಮತ್ತೆ ತೂಗುತ್ತಾರೆ. ತೂಕದ ವ್ಯತ್ಯಾಸವೇ ಅದರಲ್ಲಿದ್ದ ನೀರು. ಪಕ್ಕದ ಸೂಕ್ಷ್ಮದರ್ಶಕದಲ್ಲಿ ಮಿದುಳಿನ ತೆಳು ಸೀಳು, ಅದರಲ್ಲಿ ಅಲ್ಲಲ್ಲಿ ನೀಲಿ ಚುಕ್ಕೆಗಳು. ಆ ನೀಲಿ ಕಬ್ಬಿಣದ ಗುರುತು. ರಕ್ತ ಸೋರಿದಾಗ ಒತ್ತಡದಿಂದಾಗುವ ಹಾನಿ ಮೊದಲ ಪೆಟ್ಟು ಮಾತ್ರ. ಮುಂದಿನ ದಿನಗಳಲ್ಲಿ ಕೆಂಪು ರಕ್ತಕಣಗಳು ಒಡೆದು ಹಿಮೊಗ್ಲೋಬಿನ್ ಹೊರಬೀಳುತ್ತದೆ, ಅದರಿಂದ ಕಬ್ಬಿಣ ಬಿಡುಗಡೆಯಾಗಿ ಸುತ್ತಲ ನರಕೋಶಗಳನ್ನು ಕೊಲ್ಲುತ್ತದೆ. ಕಸ ಗುಡಿಸಬೇಕಾದ ಮೈಕ್ರೋಗ್ಲಿಯಾ ಕೋಶಗಳೂ ಕೆರಳಿ ಉರಿಯೂತ ಹೆಚ್ಚಿಸುತ್ತವೆ. ಈ ಎರಡನೆಯ ಪೆಟ್ಟು ನಿಧಾನವಾಗಿ ಬರುವುದರಿಂದಲೇ ಅದನ್ನು ತಡೆಯಬಹುದೆಂಬ ಆಸೆ. ಇಷ್ಟು ಇಲಿಗಳು ಬಲಿಯಾಗುವುದೂ ಆ ಆಸೆಗಾಗಿಯೇ.

ಆದರೆ ನನ್ನ ಅನುಮಾನವನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿದ್ದವು ಎಳೆಯ, ಗಟ್ಟಿಮುಟ್ಟಾದ ಇಲಿಗಳು. ಆಸ್ಪತ್ರೆಗೆ ಬರುವವರು ವರ್ಷಗಟ್ಟಲೆ ಬಿ.ಪಿ. ಹೊತ್ತು ತಿರುಗಿದವರು. ಇಲಿಯಲ್ಲಿ ರಕ್ತದ ಗಡ್ಡೆ ಬೇಗ ಕರಗುತ್ತದೆ, ಅದರ ಮಿದುಳಿನಲ್ಲಿ ನರತಂತುಗಳ ಬಿಳಿದ್ರವ್ಯ ಬಹಳ ಕಡಿಮೆ, ಕಿಣ್ವವೂ ತನ್ನದೇ ಉರಿಯೂತ ಎಬ್ಬಿಸಬಹುದು. ಇದನ್ನು ಕೇಳಿದಾಗ ಸಂಶೋಧಕಿ ಅಲ್ಲಗಳೆಯಲಿಲ್ಲ. ವಯಸ್ಸಾದ ಇಲಿಗಳನ್ನೂ ಹೆಣ್ಣಿಲಿಗಳನ್ನೂ ಸೇರಿಸುವುದು ಖರ್ಚಿನ ಬಾಬತ್ತು, ಆದರೂ ಮಾಡಲೇಬೇಕು ಎಂದರು.

ರೋಗಿಗಳಲ್ಲಿ ಸಿಕ್ಕ ಫಲಿತಾಂಶಗಳೂ ನನ್ನ ಅನುಮಾನವನ್ನೇ ಬಲಪಡಿಸುತ್ತವೆ. ಕಬ್ಬಿಣವನ್ನು ಹಿಡಿದು ಹೊರಹಾಕುವ ಡಿಫೆರಾಕ್ಸಮೀನ್ ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿತ್ತು. ರೋಗಿಗಳ ಮೇಲಿನ ಪ್ರಯೋಗದ ವರದಿ 2019ರಲ್ಲಿ ಬಂದಾಗ, 90 ದಿನಗಳ ಹೊತ್ತಿಗೆ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಆದರೆ 2023ರಲ್ಲಿ ವರದಿಯಾದ, ಭಾರತವೂ ಸೇರಿ 10 ದೇಶಗಳ 7,000ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ಅಧ್ಯಯನದಲ್ಲಿ ಗೆದ್ದದ್ದು ಹೊಸ ಔಷಧವಲ್ಲ. ಮೇಲಿನ ರಕ್ತದೊತ್ತಡವನ್ನು ಒಂದು ಗಂಟೆಯೊಳಗೆ 140ಕ್ಕಿಂತ ಕೆಳಗೆ ತರಲು ಶ್ರಮಿಸಿ, ಸಕ್ಕರೆ, ಜ್ವರ, ರಕ್ತ ತೆಳುವಾಗಿಸುವ ಮಾತ್ರೆಯ ಪರಿಣಾಮ ಇವನ್ನೂ ಒಟ್ಟಿಗೇ ಹಿಡಿತಕ್ಕೆ ತರಲು ಹೊರಟ ಆಸ್ಪತ್ರೆಗಳಲ್ಲಿ ರೋಗಿಗಳು ಹೆಚ್ಚು ಚೇತರಿಸಿಕೊಂಡರು.