ಅಟ್ಟದಲ್ಲಿ ರಕೂನ್: ಸಂದಿ ಮುಚ್ಚೋ ಮುಂಚೆ ಕೇಳಿ

ಇವತ್ತು ಟೊರೊಂಟೊ ಕಡೆಯ ವಿಷಯ. ಅಲ್ಲಿರೋ ನಮ್ಮವರಿಗೆ ರಕೂನ್ ಹೊಸದಲ್ಲ: ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ತುಂಬಾ ಉಂಗುರ, ರಾತ್ರಿಯೆಲ್ಲಾ ಓಡಾಟ. ಮುಂಗಾಲಿನ ಬೆರಳು ಎಷ್ಟು ಸೂಕ್ಷ್ಮ ಅಂದ್ರೆ, ಕತ್ತಲಲ್ಲೂ ತಡವಿ ನೋಡಿಯೇ ತಿಂಡಿ ಯಾವುದು, ಕಲ್ಲು ಯಾವುದು ಅಂತ ತಿಳ್ಕೊಳ್ಳುತ್ತೆ. 2016ರಲ್ಲಿ ನಗರಾಡಳಿತ ತಿರುಗಿಸೋ ಚಿಲಕದ ಹಸಿ ಕಸದ ಡಬ್ಬಿ ಹಂಚಿತು. ಕೆಲವು ರಕೂನ್‌ಗಳು ಅದನ್ನೂ ಉರುಳಿಸಿ ತೆಗೆದವು!

ಕಸ ಚೆಲ್ಲಿದ್ರೆ ಗುಡಿಸಬಹುದು ಬಿಡಿ. ನನಗೆ ಸಂಕಟ ಆಗೋದು ಅಟ್ಟದ ವಿಷಯಕ್ಕೆ. ವಸಂತದಲ್ಲಿ ತಾಯಿ ರಕೂನ್ ಚಾವಣಿಯ ಸಂದಿಯಿಂದ ನುಗ್ಗಿ ಅಲ್ಲೇ ಮರಿ ಹಾಕುತ್ತೆ. ಅದು ಆಹಾರಕ್ಕೆ ಹೋದಾಗ ಸಂದಿ ಮುಚ್ಚಿದ್ರೆ ಮರಿಗಳು ಒಳಗೇ ಹಸಿದು ಸಾಯ್ತವೆ; ತಾಯಿ ಚಾವಣಿಯನ್ನೇ ಕಿತ್ತು ಒಳಗೆ ಬರೋಕೆ ನೋಡುತ್ತೆ. ಬೋನಿಟ್ಟು ಹಿಡಿದು ದೂರ ಬಿಡೋಣ ಅಂದ್ರೆ, ಒಂಟಾರಿಯೊ ಕಾನೂನಿನ ಪ್ರಕಾರ 1 ಕಿಲೋಮೀಟರ್ ಒಳಗೇ ಬಿಡಬೇಕು.

ಅದಕ್ಕೇ ಅಟ್ಟದಲ್ಲಿ ಲೈಟ್ ಹಾಕಿ, ರೇಡಿಯೊ ಹಚ್ಚಿಡಿ. ನೆಮ್ಮದಿ ಕೆಟ್ಟ ತಾಯಿ ಸಾಮಾನ್ಯವಾಗಿ ಒಂದೊಂದೇ ಮರಿಯನ್ನ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತೆ. ಖಾಲಿಯಾಗಿದ್ದು ಖಾತ್ರಿಯಾದ ಮೇಲೆ ಸಂದಿ ಮುಚ್ಚಿಸಿ. ಆಮೇಲೆ ಅಲ್ಲಿರೋ ಹಿಕ್ಕೆಯನ್ನ ಬರಿಗೈಲಿ ಮುಟ್ಟಬೇಡಿ. ಅದರಲ್ಲಿ ದುಂಡುಹುಳದ ಮೊಟ್ಟೆ ಇರಬಹುದು, ಚಿಕ್ಕ ಮಕ್ಕಳ ಹೊಟ್ಟೆಗೆ ಹೋದ್ರೆ ಮಿದುಳಿಗೇ ಅಪಾಯ.